ಯಾರಿಗೂ ಇಲ್ಲದ ಆಸಕ್ತಿ: ಕಂಡದ್ದನ್ನು ನೀವು ಯಾರ ಹತ್ತಿರ ಹೇಳಿಕೊಳ್ಳುತ್ತೀರಿ?

ದಿಮ್ಮಿಯಡಿ (ಪ್ರಶ್ನೆ):

ನನ್ನ ಆಸಕ್ತಿ ಸ್ಲೈಮ್ ಮೋಲ್ಡ್. ಹೆಸರು ಕೇಳಿರದವರಿಗಾಗಿ ಮೊದಲು ಅದರ ಬಗ್ಗೆ ಎರಡು ಮಾತು. ಇದು ಗಿಡವಲ್ಲ, ಪ್ರಾಣಿಯಲ್ಲ, ನೋಡಲು ಬೂಷ್ಟಿನ ಹಾಗಿದ್ದರೂ ಶಿಲೀಂಧ್ರವೂ ಅಲ್ಲ. ಅಮೀಬಾಗಳ ಕಡೆಯ ನೆಂಟ. ಕೊಳೆತ ದಿಮ್ಮಿ, ಉದುರಿದ ಎಲೆ, ಒದ್ದೆ ತೊಗಟೆಗಳ ಮೇಲೆ ಬ್ಯಾಕ್ಟೀರಿಯಾ ತಿನ್ನುತ್ತಾ ಹರಿದಾಡುತ್ತದೆ. ಅಂಗೈ ಅಗಲ ಹರಡಿಕೊಂಡ ಹಳದಿ ಬಲೆ ಕಂಡರೆ ಅದಷ್ಟೂ ಒಂದೇ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್‌ಗಳು. ಮೈಕ್ರೋಸ್ಕೋಪಿನಡಿ ಅದರ ಒಂದು ನಾಳವನ್ನೇ ದಿಟ್ಟಿಸಿ ನೋಡಿ. ಒಳಗಿನ ದ್ರವ ರಭಸದಿಂದ ಒಂದು ಕಡೆಗೆ ಹರಿಯುತ್ತದೆ, ನಿಧಾನವಾಗುತ್ತದೆ, ನಿಂತೇಬಿಡುತ್ತದೆ, ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಒಂದೆರಡು ನಿಮಿಷಕ್ಕೊಮ್ಮೆ ಹೀಗೆ ದಿಕ್ಕು ಬದಲು. ಹೃದಯವಿಲ್ಲ, ನರವಿಲ್ಲ, ಮಿದುಳಿಲ್ಲ.

ಇದರ ಬಗ್ಗೆ ಕೇಳಿರುವವರು ಇದ್ದರೂ ಅವರು ಕೇಳಿರುವುದು ಸಾಮಾನ್ಯವಾಗಿ ಎರಡೇ ಸುದ್ದಿ. 2000ದಲ್ಲಿ ಜಪಾನಿನ ನಕಗಾಕಿ ಮತ್ತು ಸಂಗಡಿಗರು ಫೈಸಾರಮ್ ಪಾಲಿಸೆಫಾಲಮ್ ಎಂಬ ಪ್ರಭೇದವನ್ನು ಚಕ್ರವ್ಯೂಹದಂಥ ಹಾದಿಯೊಳಗೆ ಬಿಟ್ಟು, ಎರಡು ತುದಿಗಳಲ್ಲಿ ಆಹಾರ ಇಟ್ಟಾಗ ಅದು ಅತಿ ಹತ್ತಿರದ ದಾರಿಯನ್ನು ಉಳಿಸಿಕೊಂಡಿದ್ದು. 2010ರಲ್ಲಿ ಟೋಕಿಯೊ ಸುತ್ತಲಿನ ಊರುಗಳಿದ್ದ ಕಡೆ ಓಟ್ಸ್ ಕಾಳು ಇಟ್ಟಾಗ ಅದು ಹೆಣೆದ ಜಾಲ ಅಲ್ಲಿನ ರೈಲು ಜಾಲವನ್ನು ಹೋಲುತ್ತಿದ್ದುದು. ಎರಡೂ ಅದ್ಭುತ ಪ್ರಯೋಗಗಳೇ. ಆದರೆ ನನ್ನನ್ನು ಹಿಡಿದಿಟ್ಟಿರುವುದು ಈ ಜಾಣತನಕ್ಕಿಂತ ಹೆಚ್ಚಾಗಿ ಆ ನಂತರದ ಹಂತ. ಆಹಾರ ಮುಗಿದು ಬೀಜಾಣು ಮಾಡುವ ಹೊತ್ತು ಬಂದಾಗ ಈ ಲೋಳೆ ರೂಪವನ್ನೇ ಬದಲಿಸಿಬಿಡುತ್ತದೆ. ಸ್ಟೆಮೊನೈಟಿಸ್ ಎಂಬ ಬಗೆಯಾದರೆ ಕಪ್ಪು ಕಡ್ಡಿಗಳ ಮೇಲೆ ಕಂದು ಕುಂಚಗಳ ಗುಂಪು ಎದ್ದು ನಿಲ್ಲುತ್ತದೆ. ಲೈಕೊಗ್ಯಾಲ ಆದರೆ ದಿಮ್ಮಿಯ ಮೇಲೆ ಗುಲಾಬಿ ಬಣ್ಣದ ಗುಂಡುಗಳು, ಎಳೆಯದಿದ್ದಾಗ ಒತ್ತಿದರೆ ಪೇಸ್ಟಿನಂಥ ದ್ರವ ಒಸರುತ್ತದೆ.

ಕಳೆದ ಮಳೆಗಾಲದಲ್ಲಿ ನನಗೆ ಡಯೇಕಿಯ ಎಂಬ ಸ್ಲೈಮ್ ಮೋಲ್ಡ್ ಸಿಕ್ಕಿತು. ಒಣಗಿದ ಎಲೆಯೊಂದರ ಅಂಚಿಗೆ ಸಾಲಾಗಿ ನಿಂತಿತ್ತು. ಸುಣ್ಣದಿಂದಾದ ಬೆಳ್ಳನೆಯ ಕಾಲು, ಅದರ ಮೇಲೆ ಉದ್ದುದ್ದ ತಲೆ, ಇಡೀ ಎತ್ತರ ಒಂದೆರಡು ಮಿಲಿಮೀಟರ್. ಲೂಪ್ (ಕಣ್ಣಿಗೆ ಒತ್ತಿ ಹಿಡಿಯುವ ಪುಟ್ಟ ಭೂತಗನ್ನಡಿ) ಹಿಡಿದು ನಾನು ನನ್ನ ತಲೆ ಓರೆ ಮಾಡಿದರೆ ನೀಲಿ, ಇನ್ನೊಂದಿಷ್ಟು ಓರೆ ಮಾಡಿದರೆ ನೇರಳೆ, ಮತ್ತೂ ಸರಿದರೆ ತಾಮ್ರ. ಆ ನೀಲಿಗೆ ಬಣ್ಣದ ಪದಾರ್ಥ ಕಾರಣವಲ್ಲ. ತಲೆಯನ್ನು ಹೊದ್ದಿರುವ ಪೊರೆ ಅಷ್ಟು ತೆಳು, ಸೋಪಿನ ಗುಳ್ಳೆಯ ಮೇಲೆ ಆಗುವುದೇ ಅಲ್ಲೂ ಬೆಳಕಿಗೆ ಆಗುತ್ತದೆ. ಎಲೆಯನ್ನು ಅಲುಗಿಸದೆ ಕತ್ತರಿಸಿ, ಬೆಂಕಿಪೊಟ್ಟಣದ ತಳಕ್ಕೆ ಅಂಟಿಸಿ ತಂದೆ. (ಸಂಗ್ರಹಾಲಯಗಳಲ್ಲೂ ಇವನ್ನು ಹೀಗೆ ಪುಟ್ಟ ಪೆಟ್ಟಿಗೆಗಳಲ್ಲೇ ಇಡುತ್ತಾರೆ. ಗಿಡಗಳ ಹಾಗೆ ಹಾಳೆಗಳ ನಡುವೆ ಒತ್ತಿಟ್ಟರೆ ಪುಡಿಪುಡಿ.)

ಈಗ ವಿಷಯಕ್ಕೆ ಬರುತ್ತೇನೆ. ಆ ಸಂಜೆ ನನಗೆ ಯಾರಿಗಾದರೂ ಹೇಳಲೇಬೇಕೆನಿಸಿತು. ತಂಗಿಗೆ ತೋರಿಸಿದೆ. ಅವಳು ಪ್ರೀತಿಯಿಂದಲೇ ನೋಡಿ "ಚೆನ್ನಾಗಿದೆ ಕಣೇ" ಅಂದಳು. ಆಫೀಸಿನಲ್ಲಿ ಒಬ್ಬರು ಫೋಟೊ ನೋಡಿ ಮೆಚ್ಚಿದರು. ಯಾರೂ ಹೀಯಾಳಿಸಲಿಲ್ಲ. ಇಂಥ ಆಸಕ್ತಿ ಇರುವವರನ್ನು ಜನ ಗೇಲಿ ಮಾಡುತ್ತಾರೆ ಎಂದು ಓದಿದ್ದೇನೆ, ನನಗೆ ಅಂಥ ಅನುಭವ ಇಲ್ಲ. ನನ್ನ ಸುತ್ತ ಇರುವವರು ಒಳ್ಳೆಯವರು. ಆದರೂ ರಾತ್ರಿ ಪೆಟ್ಟಿಗೆ ಮುಚ್ಚಿಡುವಾಗ ಹೇಳಬೇಕಾದದ್ದು ಹೇಳದೆ ಹಾಗೇ ಉಳಿಯಿತು ಅನಿಸಿತು. ಮೆಚ್ಚಿಗೆ ಸಿಕ್ಕಿದ ಮೇಲೂ ಏನು ಉಳಿಯಿತು ಎಂಬುದು ನನಗೇ ಬಗೆಹರಿಯುತ್ತಿಲ್ಲ.

ಮಿನಕಾತಾ ಕುಮಗುಸು ಎಂಬ ಜಪಾನಿನ ವಿದ್ವಾಂಸ ಒಬ್ಬರಿದ್ದರು. 1929ರಲ್ಲಿ ಅವರು ಚಕ್ರವರ್ತಿಗೆ 110 ಸ್ಲೈಮ್ ಮೋಲ್ಡ್ ಮಾದರಿಗಳನ್ನು ಕ್ಯಾರಮೆಲ್ ಪೆಟ್ಟಿಗೆಗಳಲ್ಲಿಟ್ಟು ಒಪ್ಪಿಸಿದ ಕಥೆ ಪ್ರಸಿದ್ಧ. ಚಕ್ರವರ್ತಿ ಹಿರೋಹಿತೊಗೂ ಈ ಜೀವಿಗಳಲ್ಲಿ ಆಸಕ್ತಿ ಇತ್ತು. ಆದರೆ ನನಗೆ ಹೊಟ್ಟೆಕಿಚ್ಚಾಗುವುದು ಚಕ್ರವರ್ತಿಯ ಕಥೆಗಲ್ಲ. ಮಿನಕಾತಾ ತಮ್ಮ ಮಾದರಿಗಳನ್ನು ಇಂಗ್ಲೆಂಡಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿ ವೈನ್ ವ್ಯಾಪಾರಿಯಾಗಿದ್ದ ಆರ್ಥರ್ ಲಿಸ್ಟರ್, ಆಮೇಲೆ ಅವರ ಮಗಳು ಗುಲಿಯೆಲ್ಮಾ ಲಿಸ್ಟರ್ ಇದೇ ಜೀವಿಗಳಿಗೆ ಬದುಕು ಮುಡಿಪಿಟ್ಟವರು. ಆರ್ಥರ್ 1894ರಲ್ಲಿ ಪ್ರಕಟಿಸಿದ ಗ್ರಂಥವನ್ನು ಮಗಳು 1911ರಲ್ಲೂ 1925ರಲ್ಲೂ ತಿದ್ದಿ ಬೆಳೆಸಿದರು. ಮಿನಕಾತಾ ಕಳಿಸಿದ ಒಂದಕ್ಕೆ 1921ರಲ್ಲಿ ಗುಲಿಯೆಲ್ಮಾ ಮಿನಕಾತಾ ಅವರ ಹೆಸರನ್ನೇ ಇಟ್ಟು ಮಿನಕಾಟೆಲ್ಲ ಎಂಬ ಹೊಸ ಕುಲವನ್ನೇ ಮಾಡಿದರು. ಸಮುದ್ರಗಳಾಚೆ ಒಬ್ಬರು ಪೆಟ್ಟಿಗೆ ಬಿಚ್ಚುತ್ತಾರೆ, ಇವರಿಗೆ ಕಂಡದ್ದೇ ಅವರಿಗೂ ಕಾಣುತ್ತದೆ. ನನಗೆ ಬೇಕಿರುವುದು ಅದು.

ನಿಮ್ಮಲ್ಲಿ ಇಂಥ, ಬೇರೆ ಯಾರಿಗೂ ಇಲ್ಲದ ಆಸಕ್ತಿ ಇರುವವರು ಹೇಗೆ ನಿಭಾಯಿಸುತ್ತೀರಿ? ಸುತ್ತಲಿನವರಿಗೆ ಹೇಳುತ್ತೀರಾ, ಇಲ್ಲ ಸುಮ್ಮನಿರುತ್ತೀರಾ? ಜೊತೆ ಸಿಕ್ಕಿತೇ? ಸಿಗದೆ ಇದ್ದರೂ ಆಸಕ್ತಿ ಬತ್ತದೆ ಉಳಿಯಿತೇ?

ಮಂಕುತಾರೆ:

ನಿಮ್ಮ ಬರಹ ಓದಿ ಡಯೇಕಿಯ ಫೋಟೊಗಳನ್ನು ಹುಡುಕಿ ನೋಡಿದೆ. ಆ ನೀಲಿ ನಿಜಕ್ಕೂ ನಂಬಲಾಗದ ನೀಲಿ.

ನನ್ನದು ಬೆಳಕು ಏರಿಳಿಯುವ ನಕ್ಷತ್ರಗಳನ್ನು ಬರಿಗಣ್ಣಿನಿಂದ, ಬೈನಾಕ್ಯುಲರಿನಿಂದ ಅಳೆಯುವ ಅಭ್ಯಾಸ. ವೇರಿಯಬಲ್ ಸ್ಟಾರ್ ಅನ್ನುತ್ತಾರೆ. ಖಗೋಳದಲ್ಲಿ ಆಸಕ್ತಿ ಇರುವವರು ಬೇಕಾದಷ್ಟು ಜನ ಸಿಗುತ್ತಾರೆ, ಅವರಿಗೆ ಶನಿಯ ಬಳೆ ತೋರಿಸಿದರೆ ಕುಣಿದಾಡುತ್ತಾರೆ. ನಾನು ತೋರಿಸಬಹುದಾದದ್ದು ಒಂದು ಚುಕ್ಕಿ. ನಿನ್ನೆಗಿಂತ ಇವತ್ತು ಸ್ವಲ್ಪ ಮಂಕಾಗಿದೆ ಎಂದು ನಾನು ಹೇಳಿದರೆ ಅವರು ನನ್ನ ಮಾತು ನಂಬಬೇಕು, ಅಷ್ಟೇ.

ಮಾಡುವ ವಿಧಾನ ಇಷ್ಟು. ಅಳೆಯಬೇಕಾದ ನಕ್ಷತ್ರದ ಹತ್ತಿರ, ಬೆಳಕು ಬದಲಾಗದ ಎರಡು ನಕ್ಷತ್ರಗಳನ್ನು ನಕ್ಷೆಯಲ್ಲಿ ಗುರುತಿಸಿರುತ್ತಾರೆ. ಒಂದರ ಕಾಂತಿಮಾನ 6.0, ಇನ್ನೊಂದರದ್ದು 6.6 ಎಂದುಕೊಳ್ಳಿ (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). ನನ್ನದು ಮೊದಲನೆಯದಕ್ಕಿಂತ ಮಂಕು, ಎರಡನೆಯದಕ್ಕಿಂತ ಪ್ರಖರ. ನಡುವಿನ ಅಂತರದ ಮೂರನೇ ಒಂದು ಭಾಗದಲ್ಲಿದೆ ಅನಿಸಿದರೆ 6.2 ಎಂದು ಬರೆದುಕೊಳ್ಳುತ್ತೇನೆ. ಒಂದೇ ನಕ್ಷತ್ರವನ್ನು ತುಂಬ ಹೊತ್ತು ನೆಟ್ಟ ನೋಟದಲ್ಲಿ ನೋಡಬಾರದು. ಅದರಲ್ಲೂ ಕೆಂಪು ನಕ್ಷತ್ರ ನೋಡನೋಡುತ್ತಾ ಇರುವುದಕ್ಕಿಂತ ಪ್ರಖರವಾಗಿ ಕಾಣತೊಡಗುತ್ತದೆ. ಅದಕ್ಕೇ ಒಂದು ನೋಟ, ಪಕ್ಕಕ್ಕೆ ಸರಿದು ಇನ್ನೊಂದು ನೋಟ.

ನಾನು ಬಿಡದೆ ನೋಡುವುದು ಉತ್ತರ ಕಿರೀಟ ಪುಂಜದ ಆರ್ ಕೊರೊನೆ ಬೊರಿಯಾಲಿಸ್. 1795ರಲ್ಲಿ ಎಡ್ವರ್ಡ್ ಪಿಗಟ್ ಇದರ ಬದಲಾವಣೆಯನ್ನು ಕಂಡುಹಿಡಿದರು. ಸಾಮಾನ್ಯವಾಗಿ ಅದು ಏನೂ ಮಾಡುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ 6ರ ಆಸುಪಾಸಿನಲ್ಲೇ ಇರುತ್ತದೆ. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ತಾನೇ ಉಗುಳಿದ ಇಂಗಾಲದ ಮಸಿಯ ಹಿಂದೆ ಮರೆಯಾಗುತ್ತದೆ. 2007ರಲ್ಲಿ ಹಾಗೆ ಮಂಕಾಗತೊಡಗಿದ್ದು 14ನ್ನೂ ದಾಟಿ ಇಳಿಯಿತು, ಮೇಲೇಳಲು ವರ್ಷಗಳೇ ಹಿಡಿದವು.

ನೀವು ಕೇಳಿದ್ದಕ್ಕೆ ನನ್ನ ಉತ್ತರ ಪಿಗಟ್ ಅವರ ಕಡೆಯಿಂದಲೇ ಬರುತ್ತದೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಅವರ ನೆರೆಯಲ್ಲಿ ಜಾನ್ ಗುಡ್‌ರಿಕ್ ಎಂಬ ಹುಡುಗನಿದ್ದ. ಕಿವಿ ಕೇಳುತ್ತಿರಲಿಲ್ಲ. ಅಲ್ಗಾಲ್ ಎಂಬ ನಕ್ಷತ್ರ ಸುಮಾರು 2 ದಿನ 21 ಗಂಟೆಗೊಮ್ಮೆ ಮಂಕಾಗುತ್ತದೆಂದು ಅವನು ಲೆಕ್ಕ ಹಾಕಿದ, ಕತ್ತಲೆಯ ಕಾಯವೊಂದು ಅದರ ಮುಂದೆ ಹಾಯುತ್ತಿರಬಹುದೆಂದು ಸೂಚಿಸಿದ, 1783ರಲ್ಲಿ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಪಡೆದ. 1786ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 21 ವರ್ಷ. ಅವನೂ ಪಿಗಟ್ಟರೂ ಒಂದೇ ನಕ್ಷತ್ರವನ್ನು ಬೇರೆ ಬೇರೆಯಾಗಿ ನೋಡಿ, ಅಳತೆಗಳನ್ನು ಹೋಲಿಸಿಕೊಳ್ಳುತ್ತಿದ್ದರು. ಇಡೀ ಪಟ್ಟಣದಲ್ಲಿ ಆ ಹುಚ್ಚು ಇದ್ದದ್ದು ಇವರಿಬ್ಬರಿಗೆ. ಆದರೆ ಇಬ್ಬರು ಸಾಕಾಯಿತು. ಗುಡ್‌ರಿಕ್ 1784ರಲ್ಲಿ ಗುರುತಿಸಿದ ಡೆಲ್ಟಾ ಸೆಫೈಯ ಜಾತಿಯ ನಕ್ಷತ್ರಗಳ ಮೇಲೆಯೇ ಹೆನ್ರಿಯೆಟ್ಟಾ ಲೆವಿಟ್ 1912ರಲ್ಲಿ ಅವಧಿಗೂ ನಿಜವಾದ ಪ್ರಕಾಶಕ್ಕೂ ಇರುವ ಸಂಬಂಧವನ್ನು ತೋರಿಸಿದರು, ಗೆಲಾಕ್ಸಿಗಳ ದೂರ ಅಳೆಯಲು ದಾರಿಯಾಯಿತು.

ನಾನು ನನ್ನ ಅಳತೆಗಳನ್ನು 1911ರಿಂದ ನಡೆದುಬಂದಿರುವ ಅಮೆರಿಕನ್ ಅಸೋಸಿಯೇಷನ್ ಆಫ್ ವೇರಿಯಬಲ್ ಸ್ಟಾರ್ ಅಬ್ಸರ್ವರ್ಸ್‌ಗೆ ಕಳಿಸುತ್ತೇನೆ. ಯಾವ ದೇಶದವರಾದರೂ ಕಳಿಸಬಹುದು. ನ್ಯೂಜಿಲೆಂಡಿನ ಆಲ್ಬರ್ಟ್ ಜೋನ್ಸ್ ಒಬ್ಬರೇ ಜೀವಮಾನದಲ್ಲಿ 5 ಲಕ್ಷಕ್ಕೂ ಹೆಚ್ಚು ಅಳತೆ ಮಾಡಿದವರು. ಕಳಿಸಿದ ಮೇಲೆ ಆ ನಕ್ಷತ್ರದ ಅಳತೆಗಳ ಗ್ರಾಫ್ ತೆರೆದು ಅದೇ ರಾತ್ರಿ ಬೇರೆಯವರು ಹಾಕಿದ ಚುಕ್ಕಿಗಳ ನಡುವೆ ನನ್ನ ಚುಕ್ಕಿ ಎಲ್ಲಿ ಬಿದ್ದಿದೆ ನೋಡುತ್ತೇನೆ. ಒಮ್ಮೊಮ್ಮೆ ನನ್ನದು ಮಾತ್ರ ಮೇಲೆ ತೇಲುತ್ತಿರುತ್ತದೆ. ಆಗ ಮರುದಿನ ಮತ್ತೆ ನೋಡುತ್ತೇನೆ. ಅವರ ಮುಖ ನೋಡಿಲ್ಲ, ಮಾತಾಡಿಲ್ಲ. ಆದರೂ "ನೀನು ಕಂಡದ್ದು ಸರಿಯಿರಲಿಕ್ಕಿಲ್ಲ, ಇನ್ನೊಮ್ಮೆ ನೋಡು" ಎಂದು ನನಗೆ ಹೇಳಬಲ್ಲವರು ಅವರು ಮಾತ್ರ. ನಿಮ್ಮ ತಂಗಿಯಿಂದ ಸಿಗದೆ ಉಳಿದದ್ದು ಇದೇ ಇರಬೇಕು ಅನಿಸುತ್ತದೆ.

ಜಾರುಪಟ್ಟಿ:

ನಂದು ಸ್ವಲ್ಪ ಬೇರೆ ಅಭಿಪ್ರಾಯ, ಹೇಳ್ಬಿಡ್ತೀನಿ.

ನಾನು ಸ್ಲೈಡ್ ರೂಲಲ್ಲಿ ಲೆಕ್ಕ ಮಾಡ್ತೀನಿ. ಕೂಡಿಡೋದಲ್ಲ, ದಿನಾ ಬಳಸ್ತೀನಿ. ಗೊತ್ತಿಲ್ಲದವರಿಗೆ: ಒಂದು ಪಟ್ಟಿ, ಅದರ ನಡುವೆ ಜಾರೋ ಇನ್ನೊಂದು ಪಟ್ಟಿ, ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಇರೋ ಗಾಜು. ಗುರುತುಗಳನ್ನ ಲಾಗರಿದಮ್ ಲೆಕ್ಕದಲ್ಲಿ ಹಾಕಿರೋದ್ರಿಂದ ಎರಡು ಉದ್ದ ಕೂಡಿಸಿದ್ರೆ ಎರಡು ಸಂಖ್ಯೆ ಗುಣಿಸಿದ ಹಾಗೆ. ಕೆಳಗಿನ ಡಿ ಪಟ್ಟಿಯ 2ರ ಮೇಲೆ ಸಿ ಪಟ್ಟಿಯ 1 ತಂದು ನಿಲ್ಲಿಸಿ, ಗೆರೆಯನ್ನ ಸಿಯ 3ಕ್ಕೆ ಸರಿಸಿ, ಕೆಳಗೆ ನೋಡಿದ್ರೆ 6. ಪಟ್ಟಿ ಅಲ್ಲಾಡಿಸದೆ ಗೆರೆಯನ್ನಷ್ಟೇ ಸರಿಸ್ತಾ ಹೋದ್ರೆ 2ರ ಮಗ್ಗಿ ಐದರವರೆಗೆ ಅಲ್ಲೇ ಇದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಮ್ ಔಟ್ರೆಡ್ ಮಾಡಿದ್ದು. ಮುನ್ನೂರು ವರ್ಷಕ್ಕೂ ಮೇಲೆ ಎಂಜಿನಿಯರುಗಳ ಕೈಯಲ್ಲಿತ್ತು. 1972ರಲ್ಲಿ ಎಚ್‌ಪಿ-35 ಕ್ಯಾಲ್ಕುಲೇಟರ್ ಬಂತು, ಕೆಲವೇ ವರ್ಷದಲ್ಲಿ ಇದರ ಕಾಲ ಮುಗೀತು.

ಈಗ ಇದು ಯಾರಿಗೂ ಬೇಡ. ಫೋನು ಇದಕ್ಕಿಂತ ಬೇಗ, ಇದಕ್ಕಿಂತ ನಿಖರ. ಇದರಲ್ಲಿ ಮೂರು ಅಂಕಿ ಸಿಕ್ಕಿದ್ರೆ ಜಾಸ್ತಿ, ದಶಾಂಶದ ಚುಕ್ಕಿ ಎಲ್ಲಿ ಅನ್ನೋದನ್ನ ತಲೇಲೇ ಇಟ್ಕೋಬೇಕು. ನನಗೆ ಇಷ್ಟವಾಗೋದೇ ಅದು. ಉತ್ತರ ನೂರರಲ್ಲಿದೆಯೋ ಸಾವಿರದಲ್ಲಿದೆಯೋ ಅಂತ ಮೊದಲೇ ಅಂದಾಜು ಮಾಡದೆ ಇದನ್ನ ಮುಟ್ಟೋಕೇ ಆಗಲ್ಲ.

ಮಂಕುತಾರೆ ಅವರು ಹೇಳಿದ್ದು ಚೆನ್ನಾಗಿದೆ, ಆದ್ರೆ ಎಲ್ಲರಿಗೂ ಇನ್ನೊಬ್ಬರು ಬೇಕೇ ಬೇಕು ಅಂತಿಲ್ಲ. ನನಗೆ ಯಾರೂ ಬೇಕಾಗಿಲ್ಲ. ಪಟ್ಟಿ ಸರಿ ಕೂತ್ರೆ ಉತ್ತರ ಸರಿ, ಇಲ್ದಿದ್ರೆ ತಪ್ಪು, ಅದು ನನಗೇ ಗೊತ್ತಾಗತ್ತೆ. ಒಂದು ದಿನ ಇದರಿಂದ ವಿಜ್ಞಾನಕ್ಕೆ ಏನೋ ಉಪಕಾರ ಆಗಬಹುದು ಅನ್ನೋ ಸಮಾಧಾನವೂ ನನಗೆ ಬೇಡ. ಆ ಗೆರೆ ಗುರುತಿನ ಮೇಲೆ ಬಂದು ಕೂರೋ ಘಳಿಗೆಗೆ ಬೇರೆ ಕಾರಣ ಬೇಕಾಗಿಲ್ಲ. ಅದಕ್ಕೇ ನಾನು ಯಾರಿಗೂ ಹೇಳ್ಕೊಳ್ಳೋಕೆ ಹೋಗಲ್ಲ, ಕೇಳಿದ್ರೆ ಸಂತೋಷವಾಗಿ ತೋರಿಸ್ತೀನಿ.

ದಿಮ್ಮಿಯಡಿ:

ಜಾರುಪಟ್ಟಿ ಅವರೇ, ನಿಮ್ಮ ಮಾತು ಓದಿ ನನಗೆ ಒಂದು ವ್ಯತ್ಯಾಸ ಹೊಳೆಯಿತು. ನಿಮ್ಮ ಉತ್ತರ ಸರಿಯೋ ತಪ್ಪೋ ಎಂಬುದನ್ನು ಪಟ್ಟಿಯೇ ಹೇಳುತ್ತದೆ. ನನ್ನದು ಹಾಗಲ್ಲ. ಪೆಟ್ಟಿಗೆಯ ಮೇಲೆ ನಾನು ಡಯೇಕಿಯ ಎಂದು ಬರೆದರೆ ಅದು ಡಯೇಕಿಯ ಆಗಿಬಿಡುವುದಿಲ್ಲ. ಲ್ಯಾಂಪ್ರೊಡರ್ಮ ಎಂಬ ಇನ್ನೊಂದು ಕುಲಕ್ಕೂ ಇಂಥದ್ದೇ ಹೊಳಪಿದೆ, ಅದರ ಕಾಲಿನಲ್ಲಿ ಸುಣ್ಣ ಇರುವುದಿಲ್ಲ ಎಂಬುದನ್ನು ನೋಡಿ ಬೇರೆ ಮಾಡುತ್ತೇನೆ. ಸುಣ್ಣ ಇದ್ದೂ ಕಾಣದಷ್ಟು ತೆಳುವಾಗಿದ್ದರೆ? ಕೇಳಲು ಯಾರಿದ್ದಾರೆ? ಮಂಕುತಾರೆ ಅವರು ಬೆರಳಿಟ್ಟ ಜಾಗ ಸರಿಯಾಗಿದೆ. ನನಗೆ "ಚೆನ್ನಾಗಿದೆ" ಎಂಬ ಮಾತು ಸಿಗುತ್ತಿದೆ, "ಅಲ್ಲ, ಇದು ಅದಲ್ಲ" ಎಂಬ ಮಾತು ಸಿಗುತ್ತಿಲ್ಲ.

ಆದರೆ ನಿಮ್ಮ ಇನ್ನೊಂದು ಮಾತನ್ನು ಪೂರ್ತಿ ಒಪ್ಪುತ್ತೇನೆ. ಉಪಯೋಗದ ಲೆಕ್ಕದಿಂದ ನಾನೂ ಇದಕ್ಕೆ ಬಂದವಳಲ್ಲ.

ಪಂಚಕೋನ:

ನಾನು ನೆಲಕ್ಕೆ ಹಾಸುವ ವಿನ್ಯಾಸಗಳನ್ನು, ಅಂದರೆ ಒಂದೇ ಆಕಾರವನ್ನು ಸಂದಿಯಿಲ್ಲದೆ ಜೋಡಿಸುತ್ತಾ ಹೋಗುವ ಜಾಲಗಳನ್ನು ಕಾಗದದಲ್ಲಿ ಕತ್ತರಿಸುತ್ತೇನೆ. ಈ ಮಾತುಕತೆಗೆ ಮಾರ್ಜೊರಿ ರೈಸ್ ಅವರ ಕಥೆ ಬೇಕೇ ಬೇಕು, ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಅಮೆರಿಕದ ಗೃಹಿಣಿ. ಗಣಿತ ಕಲಿತದ್ದು ಹೈಸ್ಕೂಲಿನವರೆಗೆ. ಮನೆಗೆ ಬರುತ್ತಿದ್ದ ವಿಜ್ಞಾನ ಪತ್ರಿಕೆಯಲ್ಲಿ 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರ ಅಂಕಣ ಓದಿದರು. ಮೂಲೆ ಒಳಕ್ಕೆ ತಿರುಗದ, ಯಾವ ಯಾವ ಬಗೆಯ ಐದು ಬದಿಯ ಆಕಾರಗಳಿಂದ ಸಮತಲವನ್ನು ಪೂರ್ತಿ ಮುಚ್ಚಬಹುದು ಎಂಬುದು ವಿಷಯ. 1968ರಲ್ಲಿ ಒಬ್ಬ ಗಣಿತಜ್ಞರು 8 ಬಗೆಗಳ ಪಟ್ಟಿ ಕೊಟ್ಟು ಇಷ್ಟೇ ಅಂದಿದ್ದರು. ಅಂಕಣ ಓದಿದ ಇನ್ನೊಬ್ಬರು ಹೊಸದೊಂದನ್ನು ಹುಡುಕಿದ್ದೂ ಸುದ್ದಿಯಾಯಿತು. ರೈಸ್ ಅಡುಗೆಮನೆಯ ಕಟ್ಟೆಯ ಮೇಲೆ ಚಿತ್ರ ಬರೆಯುತ್ತಾ ಕೂತರು, ಯಾರಾದರೂ ಬಂದರೆ ಹಾಳೆ ಮುಚ್ಚಿಬಿಡುತ್ತಿದ್ದರು. ಕೋನಗಳ ಸಂಬಂಧ ಬರೆದುಕೊಳ್ಳಲು ತಮ್ಮದೇ ಚಿಹ್ನೆಗಳನ್ನು ಮಾಡಿಕೊಂಡರು. 1977ರ ಕೊನೆಯ ಹೊತ್ತಿಗೆ ಅವರು 4 ಹೊಸ ಬಗೆಗಳನ್ನು ಕಂಡುಹಿಡಿದಿದ್ದರು.

ನಾನು ಒತ್ತಿ ಹೇಳಬೇಕೆಂದಿರುವುದು ಇದು. ರೈಸ್ ತಮ್ಮ ಚಿತ್ರಗಳನ್ನು ಗಾರ್ಡ್ನರ್‌ಗೆ ಕಳಿಸಿದರು, ಗಾರ್ಡ್ನರ್ ಅವನ್ನು ಡೋರಿಸ್ ಶಾಟ್‌ಶ್ನೈಡರ್ ಎಂಬ ಗಣಿತಜ್ಞೆಗೆ ದಾಟಿಸಿದರು. ಆಕೆ ಆ ಅಪರಿಚಿತ ಚಿಹ್ನೆಗಳನ್ನು ಕೂತು ಓದಿ, ಅರ್ಥ ಮಾಡಿಕೊಂಡು, ಸರಿ ಎಂದು ಖಚಿತಪಡಿಸಿದರು. ಒಂಟಿ ಹವ್ಯಾಸಿಯ ಸಾಹಸ ಎಂದು ಈ ಕಥೆ ಹೇಳುವವರು ಈ ಓದುವ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಕಂಡುಹಿಡಿಯುವಷ್ಟೇ ದೊಡ್ಡದು. 2017ರಲ್ಲಿ ಫ್ರಾನ್ಸಿನ ಮೈಕೆಲ್ ರಾವೊ ಒಟ್ಟು 15 ಬಗೆಗಳೇ, ಇನ್ನಿಲ್ಲ ಎಂದು ಕಂಪ್ಯೂಟರ್ ನೆರವಿನ ಪುರಾವೆ ಪ್ರಕಟಿಸಿದರು. 15ರಲ್ಲಿ 4 ರೈಸ್ ಅವರದು.

2022ರಲ್ಲೂ ಇದೇ ನಡೆಯಿತು. ಡೇವಿಡ್ ಸ್ಮಿತ್ ಎಂಬ ನಿವೃತ್ತ ಮುದ್ರಣ ತಂತ್ರಜ್ಞರು ರಟ್ಟು ಕತ್ತರಿಸಿ ಜೋಡಿಸುತ್ತಿದ್ದಾಗ 13 ಬದಿಯ, ಟೋಪಿಯಂತೆ ಕಾಣುವ ಆಕಾರವೊಂದು ವಿಚಿತ್ರವಾಗಿ ವರ್ತಿಸಿತು. ಜೋಡಣೆ ಬೆಳೆಯುತ್ತಾ ಹೋಗುತ್ತಿತ್ತು, ವಿನ್ಯಾಸ ಮಾತ್ರ ಮರುಕಳಿಸುತ್ತಿರಲಿಲ್ಲ. ಅವರು ಕ್ರೇಗ್ ಕಾಪ್ಲನ್ ಎಂಬ ಕಂಪ್ಯೂಟರ್ ವಿಜ್ಞಾನಿಗೆ ಬರೆದರು, ಇನ್ನಿಬ್ಬರು ಸೇರಿದರು, 2023ರ ಮಾರ್ಚಿನಲ್ಲಿ ಲೋಕಕ್ಕೆ ತಿಳಿಯಿತು. ಆ ಆಕಾರವನ್ನು ನಾನೂ ರಟ್ಟಿನಲ್ಲಿ ಕತ್ತರಿಸಿ ಮೇಜಿನ ತುಂಬ ಹರಡಿದ್ದೇನೆ. ಕೆಲವು ಟೋಪಿಗಳನ್ನು ಮಗುಚಿ ಇಡಬೇಕು. ಯಾವುದನ್ನು ಮಗುಚಬೇಕು ಎಂಬುದು ಕೈಗೆ ತಿಳಿಯುವ ತನಕ ಜೋಡಣೆ ಮುಂದೆ ಹೋಗುವುದಿಲ್ಲ.

ಹಾಗಾಗಿ ದಿಮ್ಮಿಯಡಿ ಅವರೇ, ಒಂದು ಪತ್ರ ಬರೆಯಿರಿ. ನಿಮ್ಮ ಜೀವಿಗಳ ಮೇಲೆ ಪ್ರಬಂಧ ಬರೆದವರ ವಿಳಾಸ ಪ್ರಬಂಧದಲ್ಲೇ ಇರುತ್ತದೆ. ಒಳ್ಳೆಯ ಫೋಟೊ, ಒಂದು ಸ್ಪಷ್ಟ ಪ್ರಶ್ನೆ. ಜನ ಉತ್ತರಿಸುತ್ತಾರೆ. ಅವರ ಸುತ್ತಲೂ ಈ ಮಾತು ಕೇಳುವವರು ಕಡಿಮೆಯೇ ಇರುತ್ತಾರಲ್ಲ.

ಕಲ್ಲುಹೂ:

ನಾನು ಕಲ್ಲುಹೂಗಳನ್ನು ನೋಡುವವ. ಬಂಡೆಯ ಮೇಲೆ, ತೊಗಟೆಯ ಮೇಲೆ ಬೂದಿ, ಹಸಿರು, ಕೇಸರಿ ಕಲೆಗಳಂತೆ ಬೆಳೆಯುತ್ತವಲ್ಲ, ಶಿಲೀಂಧ್ರ ಮತ್ತು ಪಾಚಿ ಒಂದಾಗಿ ಬಾಳುವ ಜೀವಿಗಳು. ಕೆಲವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಆ ನಿಧಾನವನ್ನೇ ಅಳತೆಗೋಲು ಮಾಡಿಕೊಂಡು, ಹಿಮನದಿ ಹಿಂದೆ ಸರಿದು ಬಂಡೆ ಬಯಲಾಗಿ ಎಷ್ಟು ಕಾಲವಾಯಿತು ಎಂದು ಅಂದಾಜಿಸುತ್ತಾರೆ.

ಸುತ್ತಲಿನವರ ವಿಷಯಕ್ಕೆ ಒಂದೇ ಮಾತು: ವಿವರಿಸಬೇಡಿ, ಲೂಪನ್ನು ಕೈಗೆ ಕೊಟ್ಟುಬಿಡಿ. ಕಣ್ಣಿಗೆ ಒತ್ತಿ ಹಿಡಿದು, ವಸ್ತುವನ್ನು ಹತ್ತಿರ ತರಬೇಕು ಎಂದಷ್ಟೇ ಹೇಳಿಕೊಡಿ. ಹೆಚ್ಚಿನವರು ಲೂಪನ್ನು ದೂರ ಹಿಡಿದು ಏನೂ ಕಾಣದೆ, ಬೇಸರವಾಗಬಾರದೆಂದು ನಿಮಗೆ "ಚೆನ್ನಾಗಿದೆ" ಅನ್ನುತ್ತಾರೆ. ತಂಗಿಗೆ ಫೋಟೊ ತೋರಿಸಿದಿರೋ ಪೆಟ್ಟಿಗೆ ತೋರಿಸಿದಿರೋ?

ಹೆಸರು ಸರಿಯೇ ಎಂದು ಕೇಳಲು ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಫೋಟೊ ಹಾಕಿ. ಅಲ್ಲಿ ಸ್ಲೈಮ್ ಮೋಲ್ಡ್ ನೋಡುವವರೂ ಇದ್ದಾರೆ, ಒಪ್ಪದಿದ್ದರೆ ಬೇರೆ ಹೆಸರು ಸೂಚಿಸುತ್ತಾರೆ. ಇಡೀ ದಿಮ್ಮಿಯದೊಂದು, ಹತ್ತಿರದ್ದೊಂದು, ಕಾಲಿನ ಬುಡದ್ದೊಂದು ಫೋಟೊ ಇರಲಿ.

ಇಷ್ಟು ಹೇಳಿ ನನ್ನದೊಂದು ಪ್ರಶ್ನೆ. ನನ್ನ ಹತ್ತಿರ ಒಂದು ತೊಗಟೆ ತುಣುಕು ಇದೆ. ಅದರ ಮೇಲೆ ಒಂದೆರಡು ಮಿಲಿಮೀಟರ್ ಎತ್ತರದ ಕಪ್ಪು ಗುಂಡುಸೂಜಿಗಳು, ತುದಿಯಲ್ಲಿ ಕಂದು ಪುಡಿ. ಗುಂಡುಸೂಜಿ ಕಲ್ಲುಹೂ, ಕೆನೋಥೀಕಾ ಕುಲದ್ದು ಎಂದು ಬರೆದಿಟ್ಟಿದ್ದೇನೆ. ನೀವು ಮೇಲೆ ಬರೆದದ್ದನ್ನು ಓದಿದ ಮೇಲೆ ಅದನ್ನೊಮ್ಮೆ ತೆಗೆದು ನೋಡಬೇಕೆನಿಸಿತು. ಫೋಟೊ ಹಾಕಿದ್ದೇನೆ, ನೋಡಿ ಹೇಳಿ.

ದಿಮ್ಮಿಯಡಿ:

ತಂಗಿಗೆ ಫೋಟೊ ತೋರಿಸಿದ್ದು. ಈ ವಾರ ಲೂಪ್ ಕೊಡುತ್ತೇನೆ. ಪಂಚಕೋನ ಅವರೇ, ಪತ್ರದ ಕರಡು ಶುರು ಮಾಡಿದ್ದೇನೆ, ಸುಣ್ಣದ ಪ್ರಶ್ನೆಯನ್ನೇ ಕೇಳುತ್ತೇನೆ.

ಕಲ್ಲುಹೂ ಅವರೇ, ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕೆನೋಥೀಕಾ ಎಂದು ಒಪ್ಪಲು ನನಗೆ ಆಗುತ್ತಿಲ್ಲ. ಎಡಗಡೆಯ ಗುಂಪಿನ ಕಾಲುಗಳು ಕೂದಲಿನಷ್ಟು ಸಪೂರ, ತುದಿಗೆ ಹೋಗುತ್ತಾ ಇನ್ನೂ ಸಪೂರ, ತಲೆ ದುಂಡಗೆ. ನನ್ನ ಕಣ್ಣಿಗೆ ಅದು ಕೊಮ್ಯಾಟ್ರಿಕ ಎಂಬ ಸ್ಲೈಮ್ ಮೋಲ್ಡ್, ಬಹುಶಃ ಕೊಮ್ಯಾಟ್ರಿಕ ನೈಗ್ರ. ಅದು ಸತ್ತ ಮರದ ಮೇಲೆ ಬರುತ್ತದೆ. ನಿಮ್ಮ ತುಣುಕು ಬದುಕಿದ್ದ ಮರದ್ದೋ, ಬಿದ್ದ ಕೊಂಬೆಯದ್ದೋ? ಮಳೆ ನೇರ ಬೀಳುವ ಕಡೆ ಇತ್ತೋ, ಸೀಳಿನೊಳಗೆ ಒಣಗಿದ್ದ ಕಡೆಯೋ?

ಕಲ್ಲುಹೂ:

ನಿಂತ ಮರದ್ದು, ವಯಸ್ಸಾದ ಮರ, ತೊಗಟೆಯ ಆಳವಾದ ಸೀಳಿನಲ್ಲಿತ್ತು, ಮಳೆ ತಾಗದ ಬದಿ. ಗುಂಡುಸೂಜಿ ಕಲ್ಲುಹೂಗಳಿಗೆ ಹೇಳಿ ಮಾಡಿಸಿದ ಜಾಗ. ಬುಡದಲ್ಲಿ ಹಸಿರು ಹೊಪ್ಪಳೆಯೂ ಇದೆ. ನಾನು ಇನ್ನೂ ಕೆನೋಥೀಕಾ ಎಂದೇ ಹೇಳುತ್ತೇನೆ.

ದಿಮ್ಮಿಯಡಿ:

ಜಾಗ ನಿಮ್ಮ ಪರವಾಗಿದೆ, ಒಪ್ಪಿದೆ. ಆದರೆ ಹಸಿರು ಹೊಪ್ಪಳೆ ಬೇರೆ ಪಾಚಿಯದ್ದೂ ಆಗಿರಬಹುದು, ಅದೇ ಸೂಜಿಗೆ ಸೇರಿದ್ದೇ ಎಂದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ಹೀಗೆ ಮಾಡಿ. ಒಂದೇ ಒಂದು ತಲೆಯನ್ನು ಮೆಲ್ಲಗೆ ಊದಿ, ಪುಡಿ ಹಾರಿಹೋಗಲಿ. ಆಮೇಲೆ ಹಿಂದಿನಿಂದ ಬೆಳಕು ಬಿಟ್ಟು ಲೂಪಿನಲ್ಲಿ ನೋಡಿ. ಕೊಮ್ಯಾಟ್ರಿಕ ಆಗಿದ್ದರೆ ಕಾಲು ತಲೆಯೊಳಗೆ ಮುಂದುವರಿದು ಕವಲೊಡೆದಿರುತ್ತದೆ, ಆ ಕವಲುಗಳಿಂದ ಹೆಣೆದ ದುಂಡನೆಯ ಬಲೆ ಹಾಗೇ ನಿಂತಿರುತ್ತದೆ. ನಿಮ್ಮದು ಕೆನೋಥೀಕಾ ಆಗಿದ್ದರೆ ಅಂಥ ಬಲೆ ಇರುವುದಿಲ್ಲ. ಎಡಗಡೆಯ ಗುಂಪಿನದೇ ನೋಡಿ, ಬಲಗಡೆಯ ದಪ್ಪ ಕಾಲಿನವು ನಿಮ್ಮವೇ ಇರಬಹುದು.

ಕಲ್ಲುಹೂ:

ಬಲಗಡೆಯವು ಬೇರೆ ಎಂದು ನನಗೆ ಈವರೆಗೆ ಅನಿಸಿರಲಿಲ್ಲ. ಬೆಳಕಿದ್ದಾಗ ಎರಡೂ ಗುಂಪಿನಿಂದ ಒಂದೊಂದು ಊದಿ ಫೋಟೊ ಹಾಕುತ್ತೇನೆ. ನಿಮ್ಮಲ್ಲಿರುವ ಕೊಮ್ಯಾಟ್ರಿಕದ ಖಾಲಿ ಬಲೆಯ ಚಿತ್ರವನ್ನೂ, ಪಕ್ಕದಲ್ಲಿ ಅಳತೆ ಇಟ್ಟು ತೆಗೆದು, ಹಾಕಿ.